ಬಿಳಿ ಗೋಲಿ, ಕರಿ ಗೋಲಿ

ಒಹಾಯೊ ರಾಜ್ಯದ ಮೇರಿಯನ್ ಎಂಬ ಪುಟ್ಟ ಊರಿನ ಪತ್ರಿಕಾ ಸಂಪಾದಕ ವಾರೆನ್ ಹಾರ್ಡಿಂಗ್ 1901ರ ಜೂನ್‌ನಲ್ಲಿ ಊರಿನ ಫ್ರೀಮೇಸನ್ ಲಾಡ್ಜಿಗೆ ಸೇರಿದರು. ಆ ಸಂಘದಲ್ಲಿ ಹತ್ತಬೇಕಾದ ಮೆಟ್ಟಿಲು ಮೂರು. ಮೊದಲನೆಯದರ ಮೇಲೆ ಕಾಲಿಟ್ಟದ್ದಾಯಿತು. ಎರಡನೆಯದಕ್ಕೆ ಕಾಲೆತ್ತುವಷ್ಟರಲ್ಲಿ ಯಾರೋ ತಕರಾರು ತೆಗೆದರು. ಅಲ್ಲಿಗೆ ನಿಂತಿತು. ಹಾರ್ಡಿಂಗ್ ಆಮೇಲೆ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದರು, ಅಮೆರಿಕದ ಸೆನೆಟ್ಟಿಗೆ ಆರಿಸಿ ಹೋದರು, 1920ರ ಜೂನ್‌ನಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯೂ ಆದರು. ಊರ ಲಾಡ್ಜಿನಲ್ಲಿ ಮಾತ್ರ ಹತ್ತೊಂಬತ್ತು ವರ್ಷ ಮೊದಲ ಮೆಟ್ಟಿಲಲ್ಲೇ ನಿಂತಿದ್ದರು. ದೇಶ ಆಳಲು ಇವರು ಸರಿ ಎಂದು ಒಂದು ರಾಷ್ಟ್ರೀಯ ಪಕ್ಷವೇ ಒಪ್ಪಿದ ಮೇಲೆ, ಅದೇ ಆಗಸ್ಟ್‌ನಲ್ಲಿ, ಮೇರಿಯನ್ನಿನ ತಕರಾರೂ ಕರಗಿತು. ಹಾರ್ಡಿಂಗ್ ಪೂರ್ಣ ಪ್ರಮಾಣದ ‘ಮಾಸ್ಟರ್ ಮೇಸನ್’ ಆದರು.

ಅದೇ ಒಹಾಯೊದ ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ ಕಥೆ. ವಿಲಿಯಂ ಹೊವಾರ್ಡ್ ಟಾಫ್ಟ್ 1908ರ ಚುನಾವಣೆ ಗೆದ್ದಿದ್ದರು, ಪ್ರಮಾಣವಚನ ಇನ್ನೂ ಆಗಿರಲಿಲ್ಲ. 1909ರ ಫೆಬ್ರವರಿ 18ರಂದು ಸಿನ್ಸಿನಾಟಿಯಲ್ಲಿ ರಾಜ್ಯದ ಗ್ರ್ಯಾಂಡ್ ಮಾಸ್ಟರ್ ತಮ್ಮ ವಿಶೇಷಾಧಿಕಾರ ಬಳಸಿ ಅವರನ್ನು ‘ಕಂಡಲ್ಲೇ ಮೇಸನ್’ ಮಾಡಿಬಿಟ್ಟರು. ಅರ್ಜಿಯಿಲ್ಲ, ವಿಚಾರಣೆಯಿಲ್ಲ, ತಿಂಗಳುಗಟ್ಟಲೆ ಕಾಯುವ ಮಾತೇ ಇಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ನಮ್ಮ ದೇವಸ್ಥಾನಗಳಲ್ಲಿ ಧರ್ಮದರ್ಶನದ ಸಾಲನ್ನೂ ವಿಶೇಷ ದರ್ಶನದ ಸಾಲನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಸನ್ ಎಂದರೆ ಕಲ್ಲುಕುಟಿಗ, ಗಾರೆ ಕೆಲಸದವ. ಬ್ರಿಟನ್ನಿನಲ್ಲಿ ಇಗರ್ಜಿ ಕಟ್ಟುತ್ತಿದ್ದವರ ಕಸುಬಿನ ಕೂಟಗಳಿಗೆ ಕಾಲ ಸರಿದಂತೆ ಕಲ್ಲನ್ನೇ ಮುಟ್ಟದ ಜಮೀನ್ದಾರರು, ವೈದ್ಯರು, ವಿದ್ವಾಂಸರು ಬಂದು ಸೇರಿದರು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ಗ್ರ್ಯಾಂಡ್ ಲಾಡ್ಜ್ ಆದದ್ದನ್ನು ಮೇಸನ್ನರು ತಮ್ಮ ಹೊಸ ಚರಿತ್ರೆಯ ಮೊದಲ ಪುಟ ಎನ್ನುತ್ತಾರೆ. ಕರಣೆ, ಮೂಲೆಮಟ್ಟ, ಕೈವಾರ, ತೂಗುಗುಂಡು, ಸೊಂಟದ ಏಪ್ರನ್ ಎಲ್ಲ ಉಳಿದವು. ಅವುಗಳಿಂದ ಅಳೆಯುವುದು ಮಾತ್ರ ಗೋಡೆಯ ಬದಲು ನಡತೆಯಾಯಿತು. ಲಾಡ್ಜ್ ಎಂದರೆ ನಮ್ಮವರಿಗೆ ಬಸ್ ನಿಲ್ದಾಣದ ಎದುರಿನ ಬಾಡಿಗೆ ಕೋಣೆ ನೆನಪಾಗುತ್ತದೆ. ಇವರಲ್ಲಿ ಅದು ಊರಿನ ಶಾಖೆಗೂ ಆ ಶಾಖೆ ಸೇರುವ ಜಾಗಕ್ಕೂ ಇರುವ ಹೆಸರು. ದೇವರನ್ನು ನಂಬಬೇಕು, ಯಾವ ದೇವರು ಎಂದು ಕೇಳುವುದಿಲ್ಲ. ಒಳಗೆ ಮತಧರ್ಮದ ಜಗಳ, ಪಕ್ಷ ರಾಜಕೀಯ ಎರಡೂ ನಿಷಿದ್ಧ. ಹೊಸಬರ ಅರ್ಜಿ ಬಂದಾಗ ಒಂದು ಪೆಟ್ಟಿಗೆ ಇಡುತ್ತಾರೆ. ಒಪ್ಪಿದವರು ಬಿಳಿ ಗೋಲಿ ಹಾಕಬೇಕು, ಒಪ್ಪದವರು ಕರಿ ಗೋಲಿ. ಹಳೆಯ ರೂಢಿಯಂತೆ ಒಂದೇ ಒಂದು ಕರಿ ಗೋಲಿ ಸಾಕು, ಅರ್ಜಿ ಬಿದ್ದುಹೋಗುತ್ತದೆ. ಹಾಕಿದವರು ಯಾರು, ಏಕೆ ಹಾಕಿದರು ಎಂದು ಕೇಳುವಂತಿಲ್ಲ.

ಅಮೆರಿಕದ ಚರಿತ್ರೆಯಲ್ಲಿ ಫ್ರೀಮೇಸನ್ನರನ್ನು ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ತೆರೆಯ ಹಿಂದಿನ ಕೈ ಎಲ್ಲಿದೆ ಎಂದು ನೋಡುತ್ತಾರೆ. ಡಾಲರ್ ನೋಟಿನ ಕಣ್ಣು, ವಾಷಿಂಗ್ಟನ್ ನಗರದ ಬೀದಿಗಳ ನಕ್ಷೆ, ಡ್ಯಾನ್ ಬ್ರೌನ್ ಕಾದಂಬರಿ... ಆ ಕಡೆ ಸರಕಿಗೆ ಬರವಿಲ್ಲ. ಈ ಪುಟ್ಟ ಪೆಟ್ಟಿಗೆಯ ಕಡೆ ನೋಡುವವರು ಕಡಿಮೆ. ಯಾರು ಒಳಗೆ ಬಂದರು, ಯಾರು ಹೊರಗುಳಿದರು, ಹೊರಗುಳಿದವರು ಆಮೇಲೆ ಏನು ಮಾಡಿದರು ಎಂದು ನೋಡುತ್ತ ಹೋದರೆ ಪಿತೂರಿಯ ಕಥೆಗಿಂತ ರುಚಿಯಾದ ಕಥೆ ಸಿಗುತ್ತದೆ.

ಮೊದಲು ಬೆಂಜಮಿನ್ ಫ್ರ್ಯಾಂಕ್ಲಿನ್. ಫಿಲಡೆಲ್ಫಿಯಾದ ಈ ಮುದ್ರಕ 1731ರಲ್ಲಿ ಸೇಂಟ್ ಜಾನ್ಸ್ ಲಾಡ್ಜ್ ಸೇರಿದಾಗ ವಯಸ್ಸು ಇಪ್ಪತ್ತೈದರ ಆಸುಪಾಸು. 1734ರಲ್ಲಿ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಮಾಸ್ಟರ್. ಅದೇ ವರ್ಷ ಮೇಸನ್ನರ ನಿಯಮಗಳ ಪುಸ್ತಕವನ್ನು ತಮ್ಮ ಅಚ್ಚುಕೂಟದಲ್ಲೇ ಅಚ್ಚು ಹಾಕಿದರು. ಅಮೆರಿಕದಲ್ಲಿ ಅಚ್ಚಾದ ಮೊದಲ ಮೇಸನ್ ಪುಸ್ತಕ ಅದು. ಸಂಘದ ಗುಟ್ಟೂ ಉಳಿಯಬೇಕು, ಮುದ್ರಣದ ವ್ಯಾಪಾರವೂ ನಡೆಯಬೇಕು. ಫ್ರ್ಯಾಂಕ್ಲಿನ್‌ಗೆ ಇವೆರಡರ ನಡುವೆ ಯಾವ ತೊಡಕೂ ಕಾಣಲಿಲ್ಲ.

ತೊಡಕು ಬಂದದ್ದು ಮನೆಯಿಂದ. 1737ರಲ್ಲಿ ಅದೇ ಊರಿನಲ್ಲಿ ಒಬ್ಬ ಔಷಧ ವ್ಯಾಪಾರಿ ಮತ್ತು ಅವನ ಗೆಳೆಯರು ಅಂಗಡಿಯಲ್ಲಿ ಕೆಲಸಕ್ಕಿದ್ದ ಮುಗ್ಧ ಹುಡುಗನಿಗೆ ಮೇಸನ್ ದೀಕ್ಷೆ ಕೊಡಿಸುತ್ತೇವೆಂದು ನಂಬಿಸಿ ಆಟ ಕಟ್ಟಿದರು. ಆಟದಲ್ಲಿ ಉರಿಯುವ ಮದ್ಯಸಾರ ಮೈಮೇಲೆ ಬಿದ್ದು ಹುಡುಗ ಸತ್ತ. ಅವರು ಮೇಸನ್ನರಲ್ಲ, ಆದರೂ ಕೆಟ್ಟ ಹೆಸರು ಸಂಘಕ್ಕೆ ಬಂತು. ಫ್ರ್ಯಾಂಕ್ಲಿನ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಯಿತು. ಸುದ್ದಿ ಬಾಸ್ಟನ್ನಿನಲ್ಲಿದ್ದ ತಾಯಿಯ ಕಿವಿಗೂ ಬಿತ್ತು. 1738ರ ಏಪ್ರಿಲ್‌ನಲ್ಲಿ ಮಗ ತಂದೆತಾಯಿಗೆ ಕಾಗದ ಬರೆದು, ಮೇಸನ್ನರು ಯಾರಿಗೂ ತೊಂದರೆ ಕೊಡದ ಜನ, ಧರ್ಮಕ್ಕಾಗಲಿ ಒಳ್ಳೆಯ ನಡತೆಗಾಗಲಿ ವಿರುದ್ಧವಾದದ್ದು ಅವರಲ್ಲಿ ಏನೂ ಇಲ್ಲವೆಂದು ಸಮಾಧಾನ ಹೇಳಿದರು. ಜತೆಗೆ ಒಂದು ಮಾತನ್ನು ಒಪ್ಪಿಕೊಂಡರು: ಹೆಂಗಸರನ್ನು ಸೇರಿಸಿಕೊಳ್ಳದ ಸಂಘ ಇದು, ಆ ಕಾರಣಕ್ಕೆ ಅಮ್ಮ ಮುನಿಸಿಕೊಂಡರೆ ತಪ್ಪಿಲ್ಲ. ಆ ಕಾಗದಕ್ಕೆ ಮುನ್ನೂರು ವರ್ಷ ತುಂಬುತ್ತ ಬಂದಿದೆ. ಅಮೆರಿಕದ ಮುಖ್ಯ ಗ್ರ್ಯಾಂಡ್ ಲಾಡ್ಜುಗಳಲ್ಲಿ ಇವತ್ತಿಗೂ ಹೆಂಗಸರಿಗೆ ಸದಸ್ಯತ್ವವಿಲ್ಲ.

ಜಾರ್ಜ್ ವಾಷಿಂಗ್ಟನ್ ಸೇರಿದ್ದು ಇನ್ನೂ ಚಿಕ್ಕ ವಯಸ್ಸಿಗೆ. 1752ರ ನವೆಂಬರ್ 4ರಂದು, ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಲಾಡ್ಜಿನಲ್ಲಿ. ಆಗ ಅವರಿಗೆ ಇಪ್ಪತ್ತು. ಹನ್ನೊಂದರಲ್ಲೇ ತಂದೆಯನ್ನು ಕಳೆದುಕೊಂಡಿದ್ದ, ಇಂಗ್ಲೆಂಡಿಗೆ ಹೋಗಿ ಓದುವ ಭಾಗ್ಯವಿಲ್ಲದಿದ್ದ ತರುಣನಿಗೆ ಊರಿನ ಗಣ್ಯರ ಜತೆ ಸಮನಾಗಿ ಕೂರಲು ಸಿಕ್ಕ ಜಾಗ ಅದು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಮೂರನೆಯ ಮೆಟ್ಟಿಲೂ ದಾಟಿದರು. ಆಮೇಲೆ ಲಾಡ್ಜಿನ ಕಡೆ ಹೋದದ್ದು ಅಪರೂಪ. ಮೂವತ್ತು ವರ್ಷದಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಹೋಗಿಲ್ಲ ಎಂದು 1798ರಲ್ಲಿ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಅದು ತುಸು ಕೈಹಿಡಿದು ಹೇಳಿದ ಲೆಕ್ಕವೇ ಇರಬೇಕು. ಯಾಕೆಂದರೆ ಅಷ್ಟರಲ್ಲಿ ಅವರು ಅಲೆಕ್ಸಾಂಡ್ರಿಯಾ ಲಾಡ್ಜಿನ ಅಧ್ಯಕ್ಷರಾಗಿದ್ದರು, ಏಪ್ರನ್ ಕಟ್ಟಿಕೊಂಡು ದೇಶದ ಎದುರಿಗೇ ನಿಂತಿದ್ದರು.

1793ರ ಸೆಪ್ಟೆಂಬರ್ 18. ಸಂಸತ್ ಭವನ ಕ್ಯಾಪಿಟಲ್‌ಗೆ ಮೂಲೆಗಲ್ಲು ಇಡುವ ದಿನ. ಪೊಟೊಮ್ಯಾಕ್ ನದಿ ದಾಟಿ ವಾದ್ಯದ ಮೆರವಣಿಗೆಯಲ್ಲಿ ಬಂದ ಅಧ್ಯಕ್ಷರು ಗುಂಡಿಗಿಳಿದು, ಬೆಳ್ಳಿಯ ಫಲಕವಿಟ್ಟು, ಅದರ ಮೇಲೆ ಕಲ್ಲು ಕೂರಿಸಿ, ಧಾನ್ಯ ಚೆಲ್ಲಿ, ದ್ರಾಕ್ಷಾರಸ ಮತ್ತು ಎಣ್ಣೆ ಎರೆದರು. ನವಧಾನ್ಯ ಹಾಕಿ ಹಾಲೆರೆದು ಪಾಯ ತುಂಬುವುದನ್ನು ಕಂಡ ನಮಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಏನೂ ಕಾಣದು. ಆಮೇಲೆ 500 ಪೌಂಡ್ ತೂಕದ ಎತ್ತನ್ನು ಸುಟ್ಟು ಊಟ. ಗುಟ್ಟಿನ ಸಂಘದ ಅತಿ ಪ್ರಸಿದ್ಧ ವಿಧಿ ನಡೆದದ್ದು ಬಟ್ಟಬಯಲಲ್ಲಿ, ಪತ್ರಿಕೆಯ ವರದಿಯ ಸಮೇತ. ವಿಚಿತ್ರವೆಂದರೆ ಆ ಕಲ್ಲು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕಟ್ಟಡದ ಪೂರ್ವ ಭಾಗ ವಿಸ್ತರಿಸುವಾಗ 1950ರ ದಶಕದ ಕೊನೆಯಲ್ಲಿ ಹುಡುಕಿದರು, 1991ರಲ್ಲೂ ಹುಡುಕಿದರು. ಬೆಳ್ಳಿಯ ಫಲಕದ ಸುಳಿವೇ ಇಲ್ಲ.

ಇಲ್ಲಿ ಒಂದು ಲೆಕ್ಕ ಸರಿಮಾಡಬೇಕು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರೆಲ್ಲ ಮೇಸನ್ನರೇ ಎಂಬಂತೆ ಮಾತಾಡುವುದುಂಟು. ಸಹಿ ಹಾಕಿದವರು 56 ಮಂದಿ. ಲಾಡ್ಜಿನ ದಾಖಲೆ ಸಿಗುವುದು ಸುಮಾರು ಒಂಬತ್ತು ಜನರಿಗೆ. ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿಯಲ್ಲಿ 13. ಕಡಿಮೆಯೇನಲ್ಲ, ಆದರೆ ಥಾಮಸ್ ಜೆಫರ್ಸನ್, ಜಾನ್ ಆಡಮ್ಸ್, ಜೇಮ್ಸ್ ಮ್ಯಾಡಿಸನ್ ಈ ಪಟ್ಟಿಯಲ್ಲಿಲ್ಲ. ಘೋಷಣೆಯನ್ನು ಬರೆದವರೂ ಸಂವಿಧಾನದ ಶಿಲ್ಪಿ ಎನಿಸಿದವರೂ ಹೊರಗಿನವರು.

ಬಾಸ್ಟನ್ನಿನಲ್ಲಿ ಮಾತ್ರ ನಂಟು ಗಾಢವಾಗಿತ್ತು. ಬ್ರಿಟಿಷರ ವಿರುದ್ಧ ಮಸಲತ್ತು ನಡೆಯುತ್ತಿದ್ದ ಗ್ರೀನ್ ಡ್ರ್ಯಾಗನ್ ಹೋಟೆಲು ಸೇಂಟ್ ಆಂಡ್ರ್ಯೂಸ್ ಲಾಡ್ಜಿನ ಆಸ್ತಿ. ವೈದ್ಯ ಜೋಸೆಫ್ ವಾರೆನ್ ಗ್ರ್ಯಾಂಡ್ ಮಾಸ್ಟರ್, ಅಕ್ಕಸಾಲಿಗ ಪಾಲ್ ರಿವಿಯರ್ ಅದೇ ಲಾಡ್ಜಿನವರು. 1775ರ ಜೂನ್ 17ರಂದು ಬಂಕರ್ ಹಿಲ್ ಕದನದಲ್ಲಿ ವಾರೆನ್ ಸತ್ತರು. ತಿಂಗಳುಗಳ ನಂತರ ಗುಂಡಿ ಅಗೆದು ತೆಗೆದ ದೇಹ ಅವರದೇ ಎಂದು ಗುರುತಿಸಿದ್ದು ರಿವಿಯರ್. ಗೆಳೆಯನ ಬಾಯಿಗೆ ತಾವೇ ಕೂರಿಸಿದ್ದ ಕಟ್ಟುಹಲ್ಲು ನೋಡಿ.

ಅದೇ ಬಾಸ್ಟನ್, ಅದೇ ವರ್ಷ, ಇನ್ನೊಂದು ಬಾಗಿಲು. ಪ್ರಿನ್ಸ್ ಹಾಲ್ ಎಂಬ ಚರ್ಮದ ಕೆಲಸದ ಸ್ವತಂತ್ರ ಕರಿಯ ನಾಗರಿಕ ಮತ್ತು ಅವರ ಹದಿನಾಲ್ಕು ಸಂಗಾತಿಗಳು ಫ್ರೀಮೇಸನ್ನರಾದರು. 1775ರ ಮಾರ್ಚ್ 6 ಎಂದು ಅವರ ಸಂಘದ ಚರಿತ್ರೆ ಹೇಳುತ್ತದೆ. ಅವರನ್ನು ಸೇರಿಸಿಕೊಂಡದ್ದು ಸ್ವಾತಂತ್ರ್ಯದ ಮಾತಾಡುತ್ತಿದ್ದ ಊರಿನ ಬಿಳಿಯರ ಲಾಡ್ಜಲ್ಲ, ಊರಿನ ಮೇಲೆ ಕಾವಲು ಕೂತಿದ್ದ ಬ್ರಿಟಿಷ್ ಪಡೆಯೊಂದಕ್ಕೆ ಸೇರಿದ್ದ ಐರಿಷ್ ಲಾಡ್ಜು! ಆರು ವಾರದಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಯುದ್ಧ ಮುಗಿದ ಮೇಲೂ ಅಮೆರಿಕದ ಗ್ರ್ಯಾಂಡ್ ಲಾಡ್ಜುಗಳು ಇವರನ್ನು ಒಪ್ಪಲಿಲ್ಲ. ಹಾಲ್ ಲಂಡನ್ನಿಗೇ ಬರೆದರು. 1784ರ ಸೆಪ್ಟೆಂಬರ್ 29ರ ತಾರೀಖಿನ ಸನ್ನದು ‘ಆಫ್ರಿಕನ್ ಲಾಡ್ಜ್ ನಂ. 459’ ಎಂಬ ಹೆಸರಿಗೆ ಮಂಜೂರಾಗಿ, 1787ರಲ್ಲಿ ಬಾಸ್ಟನ್ ಮುಟ್ಟಿತು.

ಸನ್ನದಿಗಾಗಿ ಬರೆದ ಕೈಯೇ ಸರಕಾರಕ್ಕೂ ಅರ್ಜಿಗಳನ್ನು ಬರೆಯಿತು. 1777ರಲ್ಲಿ ಗುಲಾಮಗಿರಿ ನಿಲ್ಲಿಸಿ ಎಂದು, 1787ರಲ್ಲಿ ನಮ್ಮ ಮಕ್ಕಳಿಗೂ ಶಾಲೆ ಕೊಡಿ ಎಂದು. 1788ರಲ್ಲಿ ಬಾಸ್ಟನ್ನಿನ ಮೂವರು ಸ್ವತಂತ್ರ ಕರಿಯರನ್ನು ಕೆಲಸದ ಆಸೆ ತೋರಿಸಿ ಹಡಗು ಹತ್ತಿಸಿ ಕೆರಿಬಿಯನ್ ದ್ವೀಪಗಳಿಗೆ ಸಾಗಿಸಿದಾಗ ಹಾಲ್ ಮತ್ತು ಲಾಡ್ಜಿನ ಸೋದರರು ಶಾಸನಸಭೆಯ ಮುಂದೆ ದೂರಿಟ್ಟರು. ಆ ಮಾರ್ಚ್‌ನಲ್ಲೇ ಮ್ಯಾಸಚೂಸೆಟ್ಸ್ ಗುಲಾಮರ ವ್ಯಾಪಾರ ನಿಷೇಧಿಸುವ ಕಾಯಿದೆ ಮಾಡಿತು. ಮೂವರೂ ಊರಿಗೆ ಮರಳಿದರು. ಬಿಳಿಯರ ಲಾಡ್ಜುಗಳು ಒಳಗೆ ಕೂತು ಸೋದರತ್ವದ ಪಾಠ ಒಪ್ಪಿಸುತ್ತಿದ್ದ ಕಾಲದಲ್ಲಿ ಹೊರಗಿಟ್ಟವರ ಲಾಡ್ಜು ಅದನ್ನು ಬೀದಿಯಲ್ಲಿ ಪರೀಕ್ಷೆಗೆ ಒಡ್ಡಿತ್ತು. 1807ರಲ್ಲಿ ಹಾಲ್ ತೀರಿಕೊಂಡ ಮೇಲೆ ಈ ಇಡೀ ಪರಂಪರೆಗೇ ‘ಪ್ರಿನ್ಸ್ ಹಾಲ್ ಮೇಸನ್ರಿ’ ಎಂದು ಹೆಸರಾಯಿತು. ಬುಕರ್ ಟಿ. ವಾಷಿಂಗ್ಟನ್, ಡಬ್ಲ್ಯು. ಇ. ಬಿ. ಡುಬೊಯ್ಸ್ ಇಬ್ಬರೂ ಇದರ ಸದಸ್ಯರು. ಕರಿಯರ ಏಳಿಗೆಯ ದಾರಿ ಯಾವುದು ಎಂಬ ವಿಚಾರದಲ್ಲಿ ಇವರಿಬ್ಬರಿಗೆ ಜನ್ಮದಲ್ಲಿ ಹೊಂದಿಕೆಯಾಗಲಿಲ್ಲ. ಜ್ಯಾಸ್ ಸಂಗೀತದ ಡ್ಯೂಕ್ ಎಲಿಂಗ್ಟನ್ ಕೂಡ ಇಲ್ಲಿಯವರೇ.

ಇನ್ನು ಸಂಘ ನೆಲಕಚ್ಚುವ ಹಂತಕ್ಕೆ ಹೋದ ಪ್ರಸಂಗ. ನ್ಯೂಯಾರ್ಕ್ ರಾಜ್ಯದ ಬಟಾವಿಯಾ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬಾತ 1826ರಲ್ಲಿ ಮೇಸನ್ನರ ಗುಟ್ಟನ್ನೆಲ್ಲ ಪುಸ್ತಕ ಮಾಡುತ್ತೇನೆಂದು ಹೊರಟ. ಮೊದಲು ಅಚ್ಚುಕೂಟಕ್ಕೆ ಬೆಂಕಿ ಇಡುವ ಯತ್ನ ನಡೆಯಿತು. ಆಮೇಲೆ ಎರಡು ಚಿಲ್ಲರೆ ಡಾಲರ್ ಸಾಲದ ನೆಪದಲ್ಲಿ ಮಾರ್ಗನ್‌ನನ್ನು ಕ್ಯಾನಂಡೈಗುವಾ ಜೈಲಿಗೆ ತಳ್ಳಿದರು. ಸೆಪ್ಟೆಂಬರ್ 12ರ ರಾತ್ರಿ ಯಾರೋ ಆ ಸಾಲ ತೀರಿಸಿ ಬಿಡಿಸಿದರು. ಜೈಲಿನ ಬಾಗಿಲಲ್ಲೇ ಗಾಡಿಗೆ ಎಳೆದುಕೊಂಡು ನಯಾಗರಾ ಕೋಟೆಗೆ ಸಾಗಿಸಿದರು. ಅಲ್ಲಿಂದಾಚೆ ಆತನನ್ನು ಕಂಡವರಿಲ್ಲ.

ಜನರನ್ನು ಕೆರಳಿಸಿದ್ದು ಅಪಹರಣಕ್ಕಿಂತ ಆಮೇಲಿನ ವಿಚಾರಣೆಗಳು. ಕೈದಿಯನ್ನು ಸಾಗಿಸಲು ನೆರವಾದವರಲ್ಲಿ ನಯಾಗರಾ ಜಿಲ್ಲೆಯ ಶೆರೀಫನೇ ಒಬ್ಬ. ಸಾಕ್ಷಿಗಳು ಬಾಯಿ ಬಿಡಲಿಲ್ಲ. ಶಿಕ್ಷೆಯಾದವರು ಕೆಲವರೇ, ಅದೂ ಸಣ್ಣ ಶಿಕ್ಷೆ. ಪತ್ತೆಗೆ ಬಹುಮಾನ ಘೋಷಿಸಿದ ಗವರ್ನರ್ ಡಿವಿಟ್ ಕ್ಲಿಂಟನ್ ಹಿಂದೆ ಅದೇ ರಾಜ್ಯದ ಗ್ರ್ಯಾಂಡ್ ಮಾಸ್ಟರ್ ಆಗಿದ್ದವರು. ಕಳ್ಳನೂ ಇವರೇ, ಕಾವಲುಗಾರನೂ ಇವರೇ ಎಂದು ರೈತಾಪಿ ಜನಕ್ಕೆ ಅನಿಸಿದ್ದರೆ ತಪ್ಪೇನು? ನ್ಯೂಯಾರ್ಕಿನಲ್ಲಿ ಸುಮಾರು 20,000 ಇದ್ದ ಮೇಸನ್ನರ ಸಂಖ್ಯೆ ಹತ್ತು ವರ್ಷದೊಳಗೆ 3,000ದ ಹತ್ತಿರಕ್ಕೆ ಇಳಿಯಿತು.

ಆ ಸಿಟ್ಟು ಪಕ್ಷವಾಯಿತು. ಅಮೆರಿಕದ ಮೊದಲ ‘ಮೂರನೆಯ ಪಕ್ಷ’ ಎಂದು ಚರಿತ್ರೆಕಾರರು ಕರೆಯುವ ಮೇಸನ್ ವಿರೋಧಿ ಪಕ್ಷ ಇದೇ. 1831ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಪ್ರತಿನಿಧಿಗಳ ರಾಷ್ಟ್ರೀಯ ಸಮಾವೇಶ ಕರೆದು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಿದರು. ಅಲ್ಲಿಯವರೆಗೆ ಅಭ್ಯರ್ಥಿಯನ್ನು ಸಂಸದರ ಕೂಟವೋ ರಾಜ್ಯಗಳ ಮುಖಂಡರೋ ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಿದ್ದರು. ಈಗ ನಾಲ್ಕು ವರ್ಷಕ್ಕೊಮ್ಮೆ ಟಿ.ವಿ.ಯಲ್ಲಿ ನಾವು ನೋಡುವ ಬಲೂನು, ಟೋಪಿ, ಭಾಷಣಗಳ ಆ ಸಮಾವೇಶದ ಜಾತ್ರೆಗೆ ಮೊದಲ ಕಂಬ ನೆಟ್ಟವರು ಗುಟ್ಟಿನ ಸಂಘವನ್ನು ದ್ವೇಷಿಸಿದವರು.

ಅವರು ಆರಿಸಿದ್ದು ಯಾರನ್ನು? ವಿಲಿಯಂ ವರ್ಟ್ ಎಂಬ ವಕೀಲರನ್ನು. ವರ್ಟ್ ಹಿಂದೊಮ್ಮೆ ದೀಕ್ಷೆ ಪಡೆದ ಮೇಸನ್! ಅದನ್ನು ಮುಚ್ಚಿಡಲೂ ಇಲ್ಲ. ಅಭ್ಯರ್ಥಿತನ ಒಪ್ಪಿ ಬರೆದ ಪತ್ರದಲ್ಲೇ, ಅದರಲ್ಲಿ ತಮಗೆ ದೊಡ್ಡ ಕೇಡೇನೂ ಕಂಡಿರಲಿಲ್ಲ ಎಂಬರ್ಥದ ಮಾತು ಬರೆದರು. 1832ರ ಚುನಾವಣೆಯಲ್ಲಿ ಎದುರಿಗಿದ್ದ ಆಂಡ್ರ್ಯೂ ಜ್ಯಾಕ್ಸನ್ ಟೆನೆಸಿಯ ಮಾಜಿ ಗ್ರ್ಯಾಂಡ್ ಮಾಸ್ಟರ್, ಹೆನ್ರಿ ಕ್ಲೇ ಕೆಂಟಕಿಯ ಮಾಜಿ ಗ್ರ್ಯಾಂಡ್ ಮಾಸ್ಟರ್. ಮೇಸನ್ನರನ್ನು ಸೋಲಿಸಲೆಂದೇ ಹುಟ್ಟಿದ ಪಕ್ಷದ ಮತದಾರನಿಗೆ ಸಿಕ್ಕಿದ್ದು ಮೂವರು ಮೇಸನ್ನರಲ್ಲಿ ಒಬ್ಬರನ್ನು ಆರಿಸುವ ಹಕ್ಕು. ವರ್ಟ್ ಗೆದ್ದದ್ದು ವರ್ಮಾಂಟ್ ಒಂದನ್ನೇ, ಏಳು ಎಲೆಕ್ಟರ್ ಮತ. ಪಕ್ಷ ಕೆಲವೇ ವರ್ಷದಲ್ಲಿ ಕರಗಿತು, ಅಲ್ಲಿ ರಾಜಕೀಯದ ಅಕ್ಷರ ಕಲಿತವರು ಕರಗಲಿಲ್ಲ. ಮುಂದೆ ಅಧ್ಯಕ್ಷರಾದ ಮಿಲಾರ್ಡ್ ಫಿಲ್ಮೋರ್, ಲಿಂಕನ್ ಸಂಪುಟದ ವಿಲಿಯಂ ಸೀವರ್ಡ್, ಗುಲಾಮಗಿರಿಯ ಕಡುವೈರಿ ಥಡಿಯಸ್ ಸ್ಟೀವನ್ಸ್ ಈ ಶಾಲೆಯವರು.

ಬಟಾವಿಯಾದ ಕಥೆಗೆ ಇನ್ನೊಂದು ಬಾಲ ಇದೆ. ಮಾರ್ಗನ್ ಮಾಯವಾದ ಇಪ್ಪತ್ತೊಂದು ವರ್ಷಕ್ಕೆ, 1847ರಲ್ಲಿ, ಅದೇ ಊರಿನ ಲಾಡ್ಜು ಸೆನೆಕಾ ಬುಡಕಟ್ಟಿನ ತರುಣ ಈಲಿ ಪಾರ್ಕರ್ ಅವರನ್ನು ಸೇರಿಸಿಕೊಂಡಿತು. ಕಾನೂನು ಓದಿದ್ದ ಪಾರ್ಕರ್‌ಗೆ ವಕೀಲಿಕೆಯ ಸನ್ನದು ಸಿಕ್ಕಿರಲಿಲ್ಲ. ಮೂಲನಿವಾಸಿಗಳು ದೇಶದ ನಾಗರಿಕರೇ ಅಲ್ಲ ಎಂಬುದು ಅಂದಿನ ಕಾನೂನು. ನ್ಯಾಯಾಲಯ ಹಾಕಿದ್ದ ಬಾಗಿಲು, ಲಾಡ್ಜು ತೆಗೆದ ಬಾಗಿಲು. ಅಂತರ್ಯುದ್ಧದ ಕೊನೆಯಲ್ಲಿ, 1865ರ ಏಪ್ರಿಲ್ 9ರಂದು, ದಕ್ಷಿಣದ ಸೇನಾಪತಿ ಲೀ ಶರಣಾಗುವ ಷರತ್ತುಗಳನ್ನು ಜನರಲ್ ಗ್ರಾಂಟ್ ಪರವಾಗಿ ಶಾಯಿಯಲ್ಲಿ ನಕಲು ಮಾಡಿ ಬರೆದದ್ದು ಇದೇ ಪಾರ್ಕರ್ ಕೈ.

ಅಂತರ್ಯುದ್ಧದ ನಂತರ ಸಂಘ ಮತ್ತೆ ಚಿಗುರಿತು, ಹಿಂದಿಗಿಂತ ಹುಲುಸಾಗಿ. ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಕಡೆದ ಫ್ರೆಂಚ್ ಶಿಲ್ಪಿ ಬಾರ್ತೋಲ್ದಿ ಮೇಸನ್. ನ್ಯೂಯಾರ್ಕಿನಲ್ಲಿ ಅದರ ಪೀಠಕ್ಕೆ 1884ರ ಆಗಸ್ಟ್ 5ರಂದು ಮೂಲೆಗಲ್ಲಿಟ್ಟದ್ದು ಆ ರಾಜ್ಯದ ಗ್ರ್ಯಾಂಡ್ ಮಾಸ್ಟರ್. ಗಂಡಸರಷ್ಟೇ ಇರುವ ಸಂಘ ಹೆಂಗಸಿನ ರೂಪದ ಸ್ವಾತಂತ್ರ್ಯಕ್ಕೆ ಪಾಯ ಹಾಕಿತು. 1886ರಲ್ಲಿ ಅನಾವರಣದ ದಿನ ಮತದ ಹಕ್ಕು ಕೇಳುತ್ತಿದ್ದ ಮಹಿಳೆಯರು ಬಾಡಿಗೆ ದೋಣಿಯಲ್ಲಿ ಬಂದು ಪ್ರತಿಭಟಿಸಿದರು. ಫ್ರ್ಯಾಂಕ್ಲಿನ್ ತಾಯಿ ಇದ್ದಿದ್ದರೆ ಆ ದೋಣಿ ಹತ್ತುತ್ತಿದ್ದರೋ ಏನೋ. ಕ್ಯಾಥೊಲಿಕರ ಕಥೆ ಬೇರೆ. ಅವರಿಗೆ ಒಳಗೆ ಬರಬೇಡಿ ಎಂದವರು ಮೇಸನ್ನರಲ್ಲ, ಅಲ್ಲಿಗೆ ಹೋಗಬೇಡಿ ಎಂದವರು ಪೋಪ್. 1738ರಿಂದಲೇ ನಿಷೇಧವಿತ್ತು, 1884ರಲ್ಲಿ ಹದಿಮೂರನೆಯ ಲಿಯೊ ಅದನ್ನು ಇನ್ನಷ್ಟು ಖಾರವಾಗಿ ಸಾರಿದರು. ಅಮೆರಿಕದ ಕ್ಯಾಥೊಲಿಕರು 1882ರಲ್ಲೇ ‘ನೈಟ್ಸ್ ಆಫ್ ಕೊಲಂಬಸ್’ ಎಂಬ ತಮ್ಮದೇ ಕೂಟ ಕಟ್ಟಿಕೊಂಡಿದ್ದರು. ಜಾನ್ ಎಫ್. ಕೆನಡಿ ಸೇರಿದ್ದು ಅದಕ್ಕೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸದಸ್ಯತ್ವವೆಂದರೆ ಸಭ್ಯ ಗೃಹಸ್ಥನ ಗುರುತುಚೀಟಿ. ಕಾರು ತಯಾರಿಸಿದ ಹೆನ್ರಿ ಫೋರ್ಡ್, ಎಫ್‌ಬಿಐ ಕಟ್ಟಿದ ಜೆ. ಎಡ್ಗರ್ ಹೂವರ್, ಜನರಲ್ ಮ್ಯಾಕಾರ್ಥರ್, ತಾರೆ ಕ್ಲಾರ್ಕ್ ಗೇಬಲ್ ಎಲ್ಲರೂ ಇಲ್ಲಿದ್ದರು. ನ್ಯೂಯಾರ್ಕಿನ ಸೇಂಟ್ ಸಿಸೀಲ್ ಲಾಡ್ಜು ಸಂಜೆ ರಂಗದ ಮೇಲೆ ದುಡಿಯುವವರಿಗೆಂದು ಹಗಲಲ್ಲೇ ಸೇರುತ್ತಿತ್ತು. ಜಾದೂಗಾರ ಹೂಡಿನಿ 1923ರಲ್ಲಿ ಅಲ್ಲಿಗೆ ಸೇರಿದರು. ಜಗತ್ತಿನ ಯಾವ ಬೀಗವನ್ನೂ ಬಿಚ್ಚಿ ಹೊರಬರಬಲ್ಲೆ ಎನ್ನುತ್ತಿದ್ದ ಮನುಷ್ಯ ಇಲ್ಲಿ ಕದ ತಟ್ಟಿ, ಗೋಲಿಗಳ ಎಣಿಕೆ ಮುಗಿಯುವ ತನಕ ಕಾದು ಕೂತರು.

ಈ ಜಾಲ ರಾಜಕಾರಣಿಗೆ ಏನು ಕೊಟ್ಟಿತು ಎಂದು ತಿಳಿಯಲು ಹ್ಯಾರಿ ಟ್ರೂಮನ್ ಸಾಕು. ಮಿಸೌರಿಯ ಹೊಲದಲ್ಲಿ ಬೇಸಾಯ ಮಾಡುತ್ತಿದ್ದಾಗ, 1909ರಲ್ಲಿ, ಬೆಲ್ಟನ್ ಲಾಡ್ಜು ಸೇರಿದರು. ಎರಡು ವರ್ಷದಲ್ಲಿ ತಮ್ಮ ಗ್ರ್ಯಾಂಡ್‌ವ್ಯೂ ಊರಿಗೆ ಹೊಸ ಲಾಡ್ಜು ತಂದರು. ವಿಧಿಗಳ ಪಾಠವೆಲ್ಲ ಬಾಯಿಪಾಠ. ಅದನ್ನು ಹೇಳಿಕೊಡುತ್ತ ರಾಜ್ಯದ ಊರೂರು ಸುತ್ತಿದರು. ಕಾಲೇಜು ಪದವಿಯಿಲ್ಲದ, ಅಂಗಿ ಟೋಪಿಯ ಅಂಗಡಿ ಇಟ್ಟು ಕೈಸುಟ್ಟುಕೊಂಡ ಮನುಷ್ಯನಿಗೆ ಪ್ರತಿ ಊರಲ್ಲೂ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕಿದರು. ಯಾವ ಗುಪ್ತ ಆಜ್ಞೆಯೂ ಇದರಷ್ಟು ಕೆಲಸಕ್ಕೆ ಬರುತ್ತಿರಲಿಲ್ಲ. 1940ರ ಶರತ್ಕಾಲದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮಿಸೌರಿಯ ಗ್ರ್ಯಾಂಡ್ ಮಾಸ್ಟರ್ ಸ್ಥಾನವನ್ನೂ ಸೆನೆಟ್ ಸ್ಥಾನವನ್ನೂ ಗೆದ್ದರು. ಅಧ್ಯಕ್ಷರಾಗಿದ್ದಾಗ ಶ್ವೇತಭವನವನ್ನು ಒಳಗಿನಿಂದ ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. 1790ರ ದಶಕದ ಕಲ್ಲುಕುಟಿಗರು ಕೆತ್ತಿದ್ದ ಗುರುತುಗಳಿರುವ ಕಲ್ಲುಗಳು ಸಿಕ್ಕವು. ಟ್ರೂಮನ್ ಒಂದೊಂದು ಕಲ್ಲನ್ನು ಒಂದೊಂದು ರಾಜ್ಯದ ಗ್ರ್ಯಾಂಡ್ ಲಾಡ್ಜಿಗೆ ಕಳಿಸಿಕೊಟ್ಟರು. ನಿಜವಾದ ಕಲ್ಲುಕುಟಿಗರ ಕಲ್ಲು, ಕಲ್ಲು ಮುಟ್ಟದ ಕಲ್ಲುಕುಟಿಗರಿಗೆ.

ಡಾಲರ್ ನೋಟಿನ ಕಣ್ಣಿನ ಮಾತನ್ನೂ ಇಲ್ಲೇ ಮುಗಿಸಬಹುದು. ಪಿರಮಿಡ್ಡಿನ ಮೇಲೆ ಕಣ್ಣಿರುವ ರಾಷ್ಟ್ರಮುದ್ರೆ 1782ರದು. ಮೊದಲ ಸಮಿತಿಯಲ್ಲಿದ್ದ ಮೇಸನ್ ಫ್ರ್ಯಾಂಕ್ಲಿನ್ ಒಬ್ಬರೇ. ಅವರು ಸೂಚಿಸಿದ ಚಿತ್ರ ಸಮುದ್ರ ದಾಟುವ ಮೋಶೆಯದು. ಕಣ್ಣಿನ ಸಲಹೆ ಕೊಟ್ಟವರು ಮೇಸನ್ ಅಲ್ಲದ ಕಲಾವಿದ ದು ಸಿಮಿತಿಯೇರ್. ದೇವರ ಕಣ್ಣು ಆ ಕಾಲದ ಕ್ರೈಸ್ತ ಚಿತ್ರಗಳಲ್ಲಿ ಎಲ್ಲೆಲ್ಲೂ ಇತ್ತು. ಹಾಗಾದರೆ ಮೇಸನ್ ನಂಟೇ ಇಲ್ಲವೇ? ಇದೆ, ಆದರೆ ಒಂದೂವರೆ ಶತಮಾನ ತಡವಾಗಿ. ಮುದ್ರೆಯನ್ನು 1935ರಲ್ಲಿ ಒಂದು ಡಾಲರ್ ನೋಟಿಗೆ ಹಾಕಿಸಿದವರು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಅವರ ಕೃಷಿ ಸಚಿವ ಹೆನ್ರಿ ವ್ಯಾಲೆಸ್, ಇಬ್ಬರೂ ಮೇಸನ್ನರು. ಈ ಕಣ್ಣಿಗೆ ಕ್ಯಾಥೊಲಿಕರು ಆಕ್ಷೇಪಿಸಿಯಾರೇ ಎಂದು ರೂಸ್‌ವೆಲ್ಟ್ ಸಂಪುಟದ ಕ್ಯಾಥೊಲಿಕ್ ಸಹೋದ್ಯೋಗಿ ಜೇಮ್ಸ್ ಫಾರ್ಲಿ ಅವರನ್ನು ಕೇಳಿದ್ದರಂತೆ. ಇಲ್ಲವೆಂದರು ಫಾರ್ಲಿ. ಕಣ್ಣು ಹಾಗೇ ಉಳಿಯಿತು.

ಅಧ್ಯಕ್ಷರ ಪಟ್ಟಿಯಲ್ಲಿ ಒಟ್ಟು ಹದಿನಾಲ್ಕು ಮೇಸನ್ನರು. ಮುಖ್ಯ ನ್ಯಾಯಮೂರ್ತಿಗಳ ಕಡೆ ನೋಡಿದರೆ ಇನ್ನೂ ಒಂದು ಗಟ್ಟಿ ಹೆಸರು: ಅರ್ಲ್ ವಾರೆನ್. 1935-36ರಲ್ಲಿ ಕ್ಯಾಲಿಫೋರ್ನಿಯಾದ ಗ್ರ್ಯಾಂಡ್ ಮಾಸ್ಟರ್. 1954ರ ಮೇ 17ರಂದು ಸುಪ್ರೀಂ ಕೋರ್ಟಿನಲ್ಲಿ ಅವರು ಓದಿದ ಬ್ರೌನ್ ಪ್ರಕರಣದ ತೀರ್ಪು ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧವೆಂದಿತು. ಆ ಮೊಕದ್ದಮೆ ನಡೆಸಿದ ವಕೀಲ ಥರ್ಗುಡ್ ಮಾರ್ಷಲ್ ಪ್ರಿನ್ಸ್ ಹಾಲ್ ಮೇಸನ್; ಅವರ ಕಾನೂನು ನಿಧಿಗೆ ವರ್ಷವರ್ಷ ಹಣ ಕೂಡಿಸಿ ಕೊಡುತ್ತಿದ್ದವರಲ್ಲಿ ಪ್ರಿನ್ಸ್ ಹಾಲ್ ಲಾಡ್ಜುಗಳೂ ಇದ್ದವು. ತೀರ್ಪು ಹೊರಬಿದ್ದ ದಿನ ವಾರೆನ್ನರ ಲಾಡ್ಜಿಗೆ ಮಾರ್ಷಲ್ ಭೇಟಿ ಕೊಡುವಂತಿರಲಿಲ್ಲ. ಕಾನೂನಿನ ಎದುರು ಪ್ರತ್ಯೇಕ ಬೆಂಚು ಸಲ್ಲದು ಎಂದು ಒಬ್ಬ ಮೇಸನ್ ವಾದಿಸಿ ಇನ್ನೊಬ್ಬ ಮೇಸನ್ ಒಪ್ಪಿದರು. ಅವರಿಬ್ಬರ ಸಂಘಗಳು ಒಂದನ್ನೊಂದು ಸೋದರರೆಂದು ಒಪ್ಪಿರಲಿಲ್ಲ. ಬಿಳಿಯರ ಗ್ರ್ಯಾಂಡ್ ಲಾಡ್ಜೊಂದು ಪ್ರಿನ್ಸ್ ಹಾಲ್ ಲಾಡ್ಜಿಗೆ ಬಾಳುವಂಥ ಮಾನ್ಯತೆ ಕೊಡುವ ಪರಂಪರೆ ಶುರುವಾದದ್ದು 1989ರಲ್ಲಿ, ಕನೆಕ್ಟಿಕಟ್ಟಿನಿಂದ. ಮನುಷ್ಯ ಚಂದ್ರನ ಮೇಲೆ ನಡೆದು ಇಪ್ಪತ್ತು ವರ್ಷವಾಗಿತ್ತು. ನಡೆದ ಇಬ್ಬರಲ್ಲಿ ಒಬ್ಬರಾದ ಬಜ್ ಆಲ್ಡ್ರಿನ್ ಮೇಸನ್ನರ ಪತಾಕೆಯೊಂದನ್ನು ಜತೆಗೊಯ್ದಿದ್ದರು ಎಂಬುದೂ ಈ ಲೆಕ್ಕಕ್ಕೆ ಸೇರಲಿ.

ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದ ಲಿಂಚ್ ಬೀದಿಯಲ್ಲಿ ಪ್ರಿನ್ಸ್ ಹಾಲ್ ಮೇಸನ್ನರ ಭವನವಿದೆ. ಕರಿಯರ ಹಕ್ಕುಗಳ ಸಂಘಟಕ ಮೆಡ್ಗರ್ ಎವರ್ಸ್ ಅವರ ಕಚೇರಿ ಅದರ ಮಹಡಿಯಲ್ಲಿತ್ತು. ಬೇರೆ ಯಾರೂ ಬಾಡಿಗೆ ಕೊಡಲು ಅಂಜುತ್ತಿದ್ದ ಕಾಲ. 1963ರ ಜೂನ್ 12ರಂದು ಮನೆಯ ಅಂಗಳದಲ್ಲಿ ಎವರ್ಸ್‌ಗೆ ಗುಂಡಿಟ್ಟರು. ಮೂರನೆಯ ದಿನ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆದದ್ದು ಅದೇ ಭವನದ ಸಭಾಂಗಣದಲ್ಲಿ, ಸಾವಿರಾರು ಜನರ ನಡುವೆ.

1959ರಲ್ಲಿ ಅಮೆರಿಕದ ಮುಖ್ಯ ಗ್ರ್ಯಾಂಡ್ ಲಾಡ್ಜುಗಳಲ್ಲಿ 41 ಲಕ್ಷ ಸದಸ್ಯರಿದ್ದರು. ಈಗ 9 ಲಕ್ಷಕ್ಕೂ ಕಡಿಮೆ. ಯಾರೂ ಅವರನ್ನು ಸೋಲಿಸಲಿಲ್ಲ, ಟಿ.ವಿ. ಬಂತು, ಜನ ಊರ ಹೊರಗಿನ ಬಡಾವಣೆಗಳಿಗೆ ಹೋದರು, ಮಂಗಳವಾರ ರಾತ್ರಿ ಸೂಟು ಹಾಕಿಕೊಂಡು ಬಾಯಿಪಾಠ ಒಪ್ಪಿಸುವುದು ಮಕ್ಕಳ ಕಾಲಕ್ಕೆ ಬೇಸರದ ಕೆಲಸವಾಯಿತು. ಕೆಂಪು ಟೋಪಿಯ ಶ್ರೈನರ್ ಶಾಖೆಯವರು 1922ರಲ್ಲಿ ಪೋಲಿಯೊ ಮಕ್ಕಳಿಗಾಗಿ ಆರಂಭಿಸಿದ ಆಸ್ಪತ್ರೆಗಳು ಇನ್ನೂ ನಡೆಯುತ್ತಿವೆ, ಕಟ್ಟಡಗಳದೇ ಕಷ್ಟ. ಡೆಟ್ರಾಯ್ಟಿನಲ್ಲಿ 1926ರಲ್ಲಿ ಉದ್ಘಾಟನೆಯಾದ ಮೇಸನ್ ಭವನದಲ್ಲಿ ಸಾವಿರಕ್ಕೂ ಹೆಚ್ಚು ಕೋಣೆಗಳು. 2013ರಲ್ಲಿ ತೆರಿಗೆ ಕಟ್ಟಲಾಗದೆ ಹರಾಜಿನ ಅಂಚಿಗೆ ಬಂದಾಗ ಹೆಸರು ಹೇಳದ ಯಾರೋ 1,42,000 ಡಾಲರ್ ಕಟ್ಟಿದರು. ಆಮೇಲೆ ಗೊತ್ತಾಯಿತು, ಕಟ್ಟಿದ್ದು ರಾಕ್ ಸಂಗೀತಗಾರ ಜ್ಯಾಕ್ ವೈಟ್. ಅವರ ತಾಯಿ ಒಂದು ಕಾಲಕ್ಕೆ ಅದೇ ಸಭಾಂಗಣದಲ್ಲಿ ಬಂದವರಿಗೆ ಕುರ್ಚಿ ತೋರಿಸುವ ಕೆಲಸ ಮಾಡುತ್ತಿದ್ದರು.

ಜೆರಾಲ್ಡ್ ಫೋರ್ಡ್ 1977ರ ಜನವರಿಯಲ್ಲಿ ಶ್ವೇತಭವನ ಬಿಟ್ಟ ಮೇಲೆ ಮೇಸನ್ ಅಧ್ಯಕ್ಷರು ಬಂದಿಲ್ಲ. ಒಂದು ಪುಸ್ತಕ ಮಾತ್ರ ಆಗಾಗ ವಾಷಿಂಗ್ಟನ್ನಿಗೆ ಹೋಗಿ ಬರುತ್ತದೆ. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಮೊದಲ ಪ್ರಮಾಣವಚನ. ಬೈಬಲ್ ತರಲು ಯಾರಿಗೂ ನೆನಪಿರಲಿಲ್ಲವೆಂದು ಹೇಳುತ್ತಾರೆ. ಹತ್ತಿರದ ಸೇಂಟ್ ಜಾನ್ಸ್ ಲಾಡ್ಜಿನಿಂದ 1767ರಲ್ಲಿ ಅಚ್ಚಾದ ಒಂದನ್ನು ತರಿಸಿದರು. ವಾಷಿಂಗ್ಟನ್ ಅದರ ಮೇಲೆ ಕೈಯಿಟ್ಟರು. ಪ್ರಮಾಣ ಬೋಧಿಸಿದ ರಾಬರ್ಟ್ ಲಿವಿಂಗ್‌ಸ್ಟನ್ ಆಗಿನ ಗ್ರ್ಯಾಂಡ್ ಮಾಸ್ಟರ್. 1921ರಲ್ಲಿ ಹಾರ್ಡಿಂಗ್ ಅದೇ ಬೈಬಲ್ ಬೇಕೆಂದು ತರಿಸಿಕೊಂಡರು. ಮಾಸ್ಟರ್ ಮೇಸನ್ ಆಗಿ ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಮೇಲೆ ಐಸೆನ್‌ಹೋವರ್, ಕಾರ್ಟರ್, ಹಿರಿಯ ಬುಷ್. ಈ ಮೂವರೂ ಮೇಸನ್ನರಲ್ಲ. ಲಾಡ್ಜಿನ ಮೂವರು ಸದಸ್ಯರು ಯಾವಾಗಲೂ ಪುಸ್ತಕದ ಜತೆಗೇ ಪ್ರಯಾಣ ಮಾಡುತ್ತಾರೆ, ಕೈಗವಸು ಹಾಕಿಕೊಂಡು. 2001ರ ಜನವರಿ 20ರಂದು ಕಿರಿಯ ಬುಷ್ ಪ್ರಮಾಣಕ್ಕೂ ತಂದಿದ್ದರು. ಅಂದು ಮಳೆ. ಹಳೆಯ ಹಾಳೆಗಳು ನೆಂದಾವೆಂದು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಬುಷ್ ಮನೆಯ ಬೈಬಲ್ಲಿನ ಮೇಲೆ ಕೈಯಿಟ್ಟರು, ಲಾಡ್ಜಿನದು ಬಂದ ಹಾಗೇ ನ್ಯೂಯಾರ್ಕಿಗೆ ಮರಳಿತು.